ಎಲುಬು ಕೂಡಿದರೂ ಮುಗಿಯದ ನೋವು

ಕಾಸರಗೋಡು: ಅಡಿಕೆ, ತೆಂಗಿನ ಮರದಿಂದ ಬಿದ್ದವರಲ್ಲಿ ಕೈಕಾಲು ಮುರಿದದ್ದು ಎಲ್ಲರಿಗೂ ಕಾಣುತ್ತದೆ. ಸೊಂಟದ ಕೆಳಗಿನ ಎಲುಬಿಗೆ ಬಿದ್ದ ಪೆಟ್ಟಿನ ಫಲ ಮಾತ್ರ ವರ್ಷಗಟ್ಟಲೆ ಒಳಗೇ ಉಳಿಯುತ್ತದೆ.

ವೈದ್ಯರು ಪೆಲ್ವಿಸ್ ಎನ್ನುವ ಈ ಎಲುಬು ಬಳೆಯ ಆಕಾರದ್ದು. ಮೂತ್ರಕೋಶ, ಮೂತ್ರನಾಳ, ಕಾಲಿನ ನರಗಳು ಅದಕ್ಕೆ ಒತ್ತಿಕೊಂಡೇ ಇವೆ. ಎಲುಬು ಸಾಮಾನ್ಯವಾಗಿ ಮೂರು ತಿಂಗಳ ಸುಮಾರಿಗೆ ಕೂಡುತ್ತದೆ. ಓರೆಯಾಗಿ ಕೂಡಿದರೆ ಒಂದು ಕಾಲು ಗಿಡ್ಡವಾದಂತಾಗಿ ಕುಂಟು ಉಳಿಯುತ್ತದೆ. ಹೆಚ್ಚು ಹೊತ್ತು ಕುಳಿತರೆ ನೋವು. ಹರಿದ ಮೂತ್ರನಾಳ ಮಾಯುವಾಗ ಕಿರಿದಾಗಿ, ತಿಂಗಳುಗಳ ನಂತರವೂ ಮೂತ್ರದ ಧಾರೆ ತೆಳುವಾಗಬಹುದು. ನರಕ್ಕೆ ಏಟಾಗಿದ್ದರೆ ದಾಂಪತ್ಯ ಸುಖಕ್ಕೂ ತೊಡಕು. ನಾಚಿಕೆಯಿಂದ ಹಲವರು ಇದನ್ನು ಮನೆಯಲ್ಲೂ ಹೇಳುವುದಿಲ್ಲ.

ಪರಿಹಾರಗಳಿವೆ. ಗಿಡ್ಡ ಕಾಲಿನ ಚಪ್ಪಲಿಗೆ ಅಟ್ಟೆ ಏರಿಸಬಹುದು. ಫಿಸಿಯೊಥೆರಪಿಯಿಂದ ನಡಿಗೆ ಸುಧಾರಿಸುತ್ತದೆ. ಕಿರಿದಾದ ಮೂತ್ರನಾಳಕ್ಕೆ ಶಸ್ತ್ರಚಿಕಿತ್ಸೆಯಿದೆ. ದಾಂಪತ್ಯದ ತೊಂದರೆಗೂ ಔಷಧಗಳಿವೆ. ಮೂತ್ರ ಪೂರ್ತಿ ಕಟ್ಟಿಕೊಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮರ ಏರುವ ದುಡಿಮೆ ನಿಂತವರು ವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. 2016ರ ಕಾಯ್ದೆಯ ಮೀಸಲಾತಿಯಂಥ ಸವಲತ್ತುಗಳಿಗೆ ವೈಕಲ್ಯ ಕನಿಷ್ಠ ಶೇ. 40 ಇರಬೇಕು.

ವೈದ್ಯರೆದುರು ಬಾಯಿ ಬಾರದಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಟ್ಟರೂ ಆದೀತು. ಹೇಳದ ನೋವಿಗೆ ಮದ್ದು ಬರೆಯಲು ಯಾರಿಂದಲೂ ಸಾಧ್ಯವಿಲ್ಲ.