ಮೊದಲು ಮಾತಾಡಿಸುವವರು ಯಾರು?

ಅಕ್ಕ ಮೈಸೂರಿನ ತನ್ನ ಮನೆಯಿಂದಲೇ ನಾಟಿ ತರಕಾರಿ ಬೀಜ ಮಾರುತ್ತಾಳೆ. ಈರನಗೆರೆ ಬದನೆ, ಮಟ್ಟು ಗುಳ್ಳ, ಹೀರೆ, ಪಡವಲ. ಬೀಜ ಕೊಂಡವರು ಕೊಂಡು ಸುಮ್ಮನಾಗುವುದಿಲ್ಲ. ಬಿತ್ತುವ ಮುಂಚೆ ಕೇಳುತ್ತಾರೆ, ಮೊಳಕೆ ಬಾರದಿದ್ದರೆ ಕೇಳುತ್ತಾರೆ, ಎಲೆ ಮುದುಡಿದರೆ ಫೋಟೊ ಕಳಿಸಿ ಕೇಳುತ್ತಾರೆ. ಅವಳ ವೆಬ್‌ಸೈಟಿನ ಮೂಲೆಯಲ್ಲಿ ಅದಕ್ಕೆಂದೇ ಒಂದು ಚಾಟ್ ಕಿಟಕಿ ಇದೆ. ಬೀಜದ ಮಾತು ಶುರುವಾದರೆ ಮನೆಯ ವಿಳಾಸ, ಫೋನ್ ನಂಬರು, ಇರುವ ಜಮೀನು, ಬತ್ತಿದ ಬೋರ್‌ವೆಲ್ಲು, ತೀರದ ಸಾಲ ಎಲ್ಲವೂ ಆ ಕಿಟಕಿಯೊಳಗೆ ಬರುತ್ತವೆ. ಇಷ್ಟು ದಿನ ಅವೆಲ್ಲ ಯಾವುದೋ ಬಾಡಿಗೆಯ ಚಾಟ್ ಸೇವೆಯ ಯಂತ್ರದಲ್ಲಿ ಕೂತಿದ್ದವು. ‘ನನ್ನನ್ನು ನಂಬಿ ಬರೆದದ್ದು, ನನ್ನ ಮನೆಯಲ್ಲೇ ಇರಲಿ’ ಎಂದಳು ಅಕ್ಕ.

ಅವಳ ಮಾತು ನನಗೂ ಸರಿ ಅನಿಸಿತು. ಮೂಲೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಚಾಟ್‌ವೂಟ್ ಕೂರಿಸಿದೆ. ಪ್ರಣವ್ ರಾಜ್, ಸೋಜನ್ ಜೋಸ್, ನಿತಿನ್ ಡೇವಿಡ್ ಎಂಬ ಮೂವರು ಭಾರತೀಯ ಎಂಜಿನಿಯರುಗಳು ಕಟ್ಟಿ, 2019ರಲ್ಲಿ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ ಅದು. 4 ಜಿಬಿ ಮೆಮೊರಿ ಇದ್ದರೆ ಒಂದು ಮನೆಯ ವ್ಯಾಪಾರಕ್ಕೆ ಸಾಕು. ಮಾತುಗಳನ್ನು ಕಾದಿಡಲು ಪೋಸ್ಟ್‌ಗ್ರೆಸ್, ಕೈಬದಲಿ ಕೆಲಸಗಳಿಗೆ ರೆಡಿಸ್. ಸಂಜೆಯೊಳಗೆ ಎಲ್ಲ ಓಡತೊಡಗಿತು. ಮನೆಯ ವೈಫೈನಲ್ಲಿ ಕೂತು ‘ನಮಸ್ಕಾರ’ ಎಂದು ಒತ್ತಿದರೆ ಅಕ್ಕನ ಪರದೆಯಲ್ಲಿ ಆ ಕ್ಷಣವೇ ಮೂಡುತ್ತಿತ್ತು.

ಆಮೇಲೆ ಗೇಟಿನಾಚೆ ಹೋಗಿ, ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ಅದೇ ಪುಟ ತೆರೆಯಲು ನೋಡಿದೆ. ಬರಲಿಲ್ಲ. ಹೊರಗಿನ ಕರೆಯನ್ನು ಲ್ಯಾಪ್‌ಟಾಪಿಗೆ ತಿರುಗಿಸುವಂತೆ ರೌಟರಿಗೆ ಹೇಳಿದ್ದೆ, ಆದರೂ ಇಲ್ಲ. ಒಳಗೆ ಬಂದು ರೌಟರಿನ ಪುಟದಲ್ಲಿ ‘ಹೊರಗಿನ ವಿಳಾಸ’ ಎಂಬ ಸಾಲು ನೋಡಿದೆ. ಅದು 100.71 ಎಂದು ಶುರುವಾಗುತ್ತಿತ್ತು.

ಆ ಅಂಕಿ ಅಲ್ಲಿಗೆ ಹೇಗೆ ಬಂತು, ಅದನ್ನು ದಾಟುವ ದಾರಿಯನ್ನು ಜನ ಹೇಗೆ ಕಂಡುಕೊಂಡರು ಎಂದು ಹುಡುಕುತ್ತ ಹೋದಾಗ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು. ಎರಡು ಯಂತ್ರಗಳ ನಡುವೆ ಮೊದಲು ಮಾತಾಡಿಸುವವರು ಯಾರು?

ವೆಬ್ ಹುಟ್ಟುವ ಎಷ್ಟೋ ಮುಂಚೆ ಈ ಪ್ರಶ್ನೆಯೇ ಇರಲಿಲ್ಲ. 1973ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಎಂಬ ಗಣಕ ವ್ಯವಸ್ಥೆಯಲ್ಲಿ ಡಗ್ ಬ್ರೌನ್ ಮತ್ತು ಡೇವಿಡ್ ವೂಲಿ ‘ಟಾಕೊಮ್ಯಾಟಿಕ್’ ಬರೆದರು. ಒಂದು ಕೋಣೆಯಲ್ಲಿ ಐವರು ಕೂಡಿ ಹರಟಬಹುದಿತ್ತು. ಎದುರಿನವರು ಒತ್ತಿದ ಅಕ್ಷರ ಒಂದೊಂದಾಗಿ, ಒತ್ತಿದ ಹಾಗೆಯೇ ಕಾಣುತ್ತಿತ್ತು. ಎಲ್ಲರ ಪರದೆಯೂ ಒಂದೇ ದೊಡ್ಡ ಗಣಕಕ್ಕೆ ಸದಾ ಜೋಡಿಸಿಕೊಂಡೇ ಇತ್ತು. ಗೆರೆ ಯಾವಾಗಲೂ ತೆರೆದಿದ್ದಾಗ ಯಾರು ಬೇಕಾದರೂ ಮೊದಲು ಮಾತಾಡಬಹುದು.

ವೆಬ್ ಆ ಗೆರೆಯನ್ನು ಬಿಟ್ಟುಕೊಟ್ಟಿತು, ಅದೂ ತಿಳಿದೇ. ಟಿಮ್ ಬರ್ನರ್ಸ್-ಲೀ ಸರ್ನ್‌ನಲ್ಲಿ ರೂಪಿಸಿ 1991ರಲ್ಲಿ ಬರೆದಿಟ್ಟ ಎಚ್‌ಟಿಟಿಪಿ ಎಂಬ ಪದ್ಧತಿ ವಿಜ್ಞಾನಿಗಳು ಕಡತ ಓದುವುದಕ್ಕೆ ಹುಟ್ಟಿದ್ದು. ಓದುವವನು ಒಂದು ಸಾಲಿನಲ್ಲಿ ಕೇಳುತ್ತಾನೆ, ಸರ್ವರ್ ಪುಟ ಕೊಡುತ್ತದೆ, ಕನೆಕ್ಷನ್ ಕಡಿಯುತ್ತದೆ. ಯಾರ ಗೆರೆಯನ್ನೂ ಹಿಡಿದಿಟ್ಟುಕೊಳ್ಳಬೇಕಿಲ್ಲವಾದ್ದರಿಂದ ಸಣ್ಣ ಸರ್ವರೂ ಸಾವಿರಾರು ಓದುಗರಿಗೆ ಸಾಲುತ್ತಿತ್ತು. ಆದರೆ ಕೇಳದೆ ಹೇಳುವ ಹಕ್ಕು ಸರ್ವರಿಗೆ ಇರಲಿಲ್ಲ. ಅಕ್ಕ ಇತ್ತ ಉತ್ತರ ಬರೆದರೂ ಅದನ್ನು ಗಿರಾಕಿಯ ಬ್ರೌಸರಿಗೆ ತಾನಾಗಿ ಮುಟ್ಟಿಸುವ ದಾರಿಯೇ ಇಲ್ಲ. ಗಿರಾಕಿಯ ಪುಟವೇ ಎರಡೆರಡು ಸೆಕೆಂಡಿಗೆ ‘ಏನಾದರೂ ಬಂತೆ?’ ಎಂದು ಕೇಳುತ್ತಿರಬೇಕು. ಬಹುಪಾಲು ಸಲ ಸಿಗುವ ಉತ್ತರ ‘ಇಲ್ಲ’.

ಮೊದಲ ಬಿರುಕು ಮೂಡಿದ್ದು 1999ರಲ್ಲಿ. ಮೈಕ್ರೋಸಾಫ್ಟ್‌ನಲ್ಲಿ ಔಟ್‌ಲುಕ್ ಮೇಲನ್ನು ಬ್ರೌಸರಿನಲ್ಲಿ ತೋರಿಸಲು ಹೊರಟ ತಂಡಕ್ಕೆ, ಇಡೀ ಪುಟವನ್ನು ಮತ್ತೆ ತರಿಸದೆ ಹಿನ್ನೆಲೆಯಲ್ಲೇ ಸರ್ವರನ್ನು ಕೇಳುವ ಸಾಧನ ಬೇಕಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಅದು ಬಂತು. ಅದನ್ನು ಬಳಸಿ ಮುಂದಿನವರು ಒಂದು ಉಪಾಯ ಕಂಡುಕೊಂಡರು. ಹಿಂದೆ ಅಂಚೆ ಕಚೇರಿಯಲ್ಲಿ ರಿಪ್ಲೈ ಕಾರ್ಡ್ ಸಿಗುತ್ತಿತ್ತಲ್ಲ, ಉತ್ತರಕ್ಕೆಂದು ಖಾಲಿ ಕಾರ್ಡೂ ಜೊತೆಗೇ ಇರುವಂಥದ್ದು? ಊರಿನ ಅಜ್ಜಿಗೆ ಅದನ್ನು ಕಳಿಸಿ, ‘ವಿಶೇಷ ಇದ್ದಾಗ ಬರೆದು ಹಾಕು’ ಎಂದರೆ ಅಜ್ಜಿ ಖಾಲಿ ಕಾರ್ಡನ್ನು ಗೂಡಿನಲ್ಲಿಟ್ಟುಕೊಂಡು ಕಾಯುತ್ತಾಳೆ. ಬ್ರೌಸರ್ ಮಾಡಿದ್ದೂ ಅದನ್ನೇ. ಅದು ಪ್ರಶ್ನೆ ಕೇಳಿಬಿಡುತ್ತದೆ, ಸರ್ವರ್ ಉತ್ತರಿಸುವುದನ್ನು ತಡೆಹಿಡಿಯುತ್ತದೆ, ಹೇಳಲು ಏನಾದರೂ ಬಂದಾಗಷ್ಟೇ ಕಳಿಸುತ್ತದೆ. ಅದು ತಲುಪಿದ ಕೂಡಲೇ ಬ್ರೌಸರ್ ಇನ್ನೊಂದು ಖಾಲಿ ಕಾರ್ಡು ಕೊಡುತ್ತದೆ. 2006ರಲ್ಲಿ ಅಲೆಕ್ಸ್ ರಸೆಲ್ ಈ ಬಗೆಯ ಉಪಾಯಗಳಿಗೆಲ್ಲ ‘ಕಾಮೆಟ್’ ಎಂದು ಹೆಸರಿಟ್ಟರು. ಅದೇ ವರ್ಷ ಜಿಮೇಲಿನೊಳಗೆ ಚಾಟ್ ಬಂದಿತ್ತು.

ನಿಯಮವನ್ನು ಯಾರೂ ಮುರಿಯಲಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಮೊದಲು ಮಾತಾಡಿಸಿದ್ದು ಬ್ರೌಸರೇ. ಆದರೆ ತೆರೆದ ಗೆರೆಯನ್ನು ಅದು ಬಿಡಲಿಲ್ಲ.

ಉಪಾಯವನ್ನು ಪದ್ಧತಿ ಮಾಡುವ ಕೆಲಸ 2008ರಲ್ಲಿ ಶುರುವಾಯಿತು. ಎಚ್‌ಟಿಎಂಎಲ್5ರ ಕರಡು ತಿದ್ದುತ್ತಿದ್ದ ಇಯನ್ ಹಿಕ್ಸನ್ ಮತ್ತು ಮೈಕೆಲ್ ಕಾರ್ಟರ್ ಚರ್ಚಿಸುವಾಗ ‘ವೆಬ್‌ಸಾಕೆಟ್’ ಎಂಬ ಹೆಸರು ಬಂತು. ಆ ಚರ್ಚೆ ನಡೆದದ್ದು ಐಆರ್‌ಸಿಯಲ್ಲಿ, ಅಂದರೆ 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಕಟ್ಟಿದ ಹರಟೆಯ ವ್ಯವಸ್ಥೆಯಲ್ಲಿ. ವೆಬ್ಬಿಗೆ ಹರಟೆ ಕಲಿಸುವ ಮಾತು ಹಳೆಯ ಹರಟೆಕಟ್ಟೆಯಲ್ಲೇ ಆಯಿತು. ವೆಬ್‌ಸಾಕೆಟ್‌ನಲ್ಲಿ ಬ್ರೌಸರ್ ಎಂದಿನಂತೆ ಎಚ್‌ಟಿಟಿಪಿಯಲ್ಲೇ ಬಾಗಿಲು ತಟ್ಟಿ, ‘ಅಪ್‌ಗ್ರೇಡ್’ ಎಂಬ ಸಾಲಿನಲ್ಲಿ ‘ಈ ಗೆರೆಯನ್ನು ಮಾತಿಗೆ ಬಿಟ್ಟುಕೊಡೋಣವೆ?’ ಎಂದು ಕೇಳುತ್ತದೆ. ಸರ್ವರ್ ಒಪ್ಪಿದರೆ 101 ಎಂಬ ಸಂಖ್ಯೆಯ ಉತ್ತರ. ಅಲ್ಲಿಂದಾಚೆಗೆ ಇಬ್ಬರೂ ಬೇಕೆಂದಾಗ ಮಾತಾಡಬಹುದು.

2010ರ ಕೊನೆಗೆ ತಡೆ ಬಿತ್ತು. ನಡುವೆ ಕೂತ ಕೆಲವು ಪ್ರಾಕ್ಸಿ ಯಂತ್ರಗಳಿಗೆ ಈ ಹೊಸ ಮಾತು ತಿಳಿಯದೆ, ಅದನ್ನು ಎಚ್‌ಟಿಟಿಪಿ ಎಂದೇ ತಪ್ಪಾಗಿ ಓದಿಕೊಳ್ಳುತ್ತಿದ್ದವು. ಕೇಡಿಗರು ಅದರಿಂದ ಅನ್ಯರ ಪುಟಗಳಿಗೆ ವಿಷ ಬೆರೆಸಬಹುದೆಂದು ಸಂಶೋಧಕರು ತೋರಿಸಿದರು. ಫೈರ್‌ಫಾಕ್ಸ್ ಮತ್ತು ಒಪೆರಾ ವೆಬ್‌ಸಾಕೆಟ್ಟನ್ನು ತಮ್ಮಲ್ಲಿ ಆರಿಸಿಟ್ಟವು. ಪರಿಹಾರ ಚಿಕ್ಕದಾಗಿತ್ತು. ಬ್ರೌಸರಿನಿಂದ ಹೊರಡುವ ಪ್ರತಿ ಮಾತನ್ನೂ 4 ಬೈಟಿನ ಒಂದು ಹೊಸ ಕೀಲಿಯಿಂದ ಕಲಸಿ ಕಳಿಸುವುದು, ನಡುವಿನವರಿಗೆ ಅದು ಎಚ್‌ಟಿಟಿಪಿಯಂತೆ ಕಾಣಲೇಬಾರದು. ಹೀಗೆ ಗಟ್ಟಿಯಾದ ಮೇಲೆ 2011ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 6455 ಎಂಬ ಹೆಸರಿನಲ್ಲಿ ವೆಬ್‌ಸಾಕೆಟ್ ಅಂತರ್ಜಾಲದ ಮಾನಕವಾಯಿತು.

ಇದರ ಉಳಿತಾಯವನ್ನು ಒಂದು ಪದದಲ್ಲಿ ಅಳೆಯಬಹುದು. ‘ನಮಸ್ಕಾರ’ ಎಂಬುದರಲ್ಲಿ ಯೂನಿಕೋಡಿನ ಲೆಕ್ಕಕ್ಕೆ 7 ಚಿಹ್ನೆಗಳಿವೆ: ನ, ಮ, ಸ, ವಿರಾಮ, ಕ, ದೀರ್ಘ, ರ. ಕನ್ನಡದ ಒಂದೊಂದಕ್ಕೂ ಯುಟಿಎಫ್-8ರಲ್ಲಿ 3 ಬೈಟ್, ಒಟ್ಟು 21. ಬ್ರೌಸರಿನಿಂದ ಹೋಗುವಾಗ ವೆಬ್‌ಸಾಕೆಟ್ ಅದಕ್ಕೆ ಸೇರಿಸುವುದು 6 ಬೈಟ್ ಮಾತ್ರ, ಕಲಸುವ ಕೀಲಿಯೂ ಅದರಲ್ಲೇ ಬಂತು. ಹಳೆಯ ಪದ್ಧತಿಯಲ್ಲಾದರೆ ಇದೇ ಪದಕ್ಕೆ ನೂರಾರು ಬೈಟುಗಳ ತಲೆಬರಹ ಬೇಕಾಗುತ್ತಿತ್ತು. ಹಳೆಯ ಲ್ಯಾಪ್‌ಟಾಪು ಇಷ್ಟು ಜನರ ಮಾತನ್ನು ಹೊರಬಲ್ಲದ್ದು ಇಂಥ ಮಿತವ್ಯಯದಿಂದಲೂ ಹೌದು.

ಇನ್ನು ರೌಟರಿನಲ್ಲಿ ಕಂಡ 100.71. ಅಂತರ್ಜಾಲದ ಹಳೆಯ ವಿಳಾಸ 32 ಬಿಟ್ಟಿನದು, ಒಟ್ಟು ಸುಮಾರು 429 ಕೋಟಿ. 1990ರ ದಶಕದ ಆರಂಭದಲ್ಲೇ ಇವು ಸಾಲವು ಎಂಬುದು ಗೊತ್ತಾಗಿತ್ತು. 1994ರ ಮೇ ತಿಂಗಳಲ್ಲಿ ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ‘ನ್ಯಾಟ್’ ಎಂಬ ದಾರಿ ಬರೆದಿಟ್ಟರು. ವಠಾರ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬೀದಿಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರು, ಒಳಗೆ ಹತ್ತಾರು ಮನೆ. ಒಳಗಿನವರು ಪತ್ರ ಹಾಕಿದರೆ ಬಾಗಿಲಲ್ಲಿ ಕೂತವನು ‘ಇದು ಮೂರನೇ ಮನೆಯವರದು’ ಎಂದು ಬರೆದಿಟ್ಟುಕೊಂಡು, ಉತ್ತರ ಬಂದಾಗ ಅಲ್ಲಿಗೆ ಮುಟ್ಟಿಸುತ್ತಾನೆ. ಒಳಗಿನವರು ಮೊದಲು ಮಾತಾಡದಿದ್ದರೆ, ಹೊರಗಿನಿಂದ ಬಂದ ಪತ್ರ ಯಾರದೆಂದು ಅವನಿಗೆ ತಿಳಿಯದು. ಇದು ಸದ್ಯದ ಮಟ್ಟಿಗಿನ ಪರಿಹಾರ ಎಂದೇ ಅವರಿಬ್ಬರೂ ಬರೆದಿದ್ದರು. ಮೂವತ್ತು ವರ್ಷ ಕಳೆದರೂ ನಮ್ಮ ಮನೆಗಳ ರೌಟರಿನಲ್ಲಿ ಅದು ಕೂತಿದೆ.

2011ರ ಏಪ್ರಿಲ್ 15ರಂದು, ಭಾರತವೂ ಸೇರಿದ ಏಷ್ಯಾ-ಪೆಸಿಫಿಕ್ ವಲಯದ ವಿಳಾಸಗಳ ಉಗ್ರಾಣ ಕೊನೆಯ ಕಂತಿಗೆ ಬಂತು. ಇಂಟರ್ನೆಟ್ ಕಂಪನಿಗಳು ವಠಾರಗಳನ್ನೆಲ್ಲ ಸೇರಿಸಿ ಇನ್ನೊಂದು ದೊಡ್ಡ ವಠಾರ ಕಟ್ಟತೊಡಗಿದವು. ಆ ನಡುಮನೆಗೆಂದೇ 2012ರ ಏಪ್ರಿಲ್‌ನಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಿಟ್ಟರು. ನಮ್ಮ 100.71 ಅದರೊಳಗಿನದು. ನಾನು ನಮ್ಮ ಬಾಗಿಲನ್ನು ಎಷ್ಟೇ ತೆರೆದಿಟ್ಟರೂ ಅದರಾಚೆ ನನ್ನದಲ್ಲದ ಇನ್ನೊಂದು ಬಾಗಿಲು ಮುಚ್ಚಿತ್ತು. 128 ಬಿಟ್ಟಿನ ವಿಳಾಸದ ಐಪಿವಿ6 ಇದಕ್ಕೆ ಶಾಶ್ವತ ಪರಿಹಾರ. ಆದರೆ ಅಕ್ಕನ ಗಿರಾಕಿಗಳೆಲ್ಲರ ಕನೆಕ್ಷನ್ನೂ ಆ ದಾರಿಗೆ ಬರುವವರೆಗೆ ಅವಳ ಅಂಗಡಿ ಮುಚ್ಚಿರುವಂತಿಲ್ಲ.

ಇಲ್ಲಿಗೆ ಬಂದಾಗಲೇ ಬ್ರೌಸರಿನ ಕತೆ, ವಠಾರದ ಕತೆ ಎರಡೂ ಒಂದೆಂದು ನನಗೆ ಹೊಳೆದದ್ದು. ಹೊರಗಿನವರು ಒಳಗೆ ಬರಲಾರರು, ಆದರೆ ಒಳಗಿನವರು ಹೊರಗೆ ಕರೆಯಬಲ್ಲರು. ಹಾಗಾದರೆ ಮನೆಯ ಸರ್ವರೇ ಮೊದಲು ಮಾತಾಡಲಿ, ತೆರೆದ ಗೆರೆಯನ್ನು ಬಿಡದಿರಲಿ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳವಾದ ಮೇಲೆ ತಾತು ಯುಲೋನೆನ್ 1995ರಲ್ಲಿ ಬರೆದ ಎಸ್‌ಎಸ್‌ಎಚ್ ಎಂಬ ಸಾಧನದ ವಂಶದಲ್ಲಿ ಇಂಥ ಹಿಮ್ಮುಖ ಸುರಂಗ ಬಹುಕಾಲದಿಂದ ಇದೆ. ನಾನು ಆರಿಸಿಕೊಂಡದ್ದು ಸುರಂಗ ಕಟ್ಟುವ ಇನ್ನೊಂದು ಸಾಧನ, ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್. ಸುಮಾರು 4,000 ಸಾಲಿನ ಆ ಪುಟ್ಟ ತಂತ್ರಾಂಶ 2020ರ ಮಾರ್ಚಿನಲ್ಲಿ ಲಿನಕ್ಸಿನ ತಿರುಳಿಗೇ ಸೇರಿತು.

ಹೊರಗೆ, ಎಲ್ಲರಿಗೂ ಕಾಣುವ ವಿಳಾಸವಿರುವ ಒಂದು ಸಣ್ಣ ಯಂತ್ರವನ್ನು ಬಾಡಿಗೆಗೆ ಹಿಡಿದೆ. ಮನೆಯ ಲ್ಯಾಪ್‌ಟಾಪ್ ಅದಕ್ಕೆ ಕರೆ ಮಾಡಿ ಗೆರೆ ಹಿಡಿದಿರುತ್ತದೆ. ಯಾರೂ ಮಾತಾಡದ ರಾತ್ರಿಯಲ್ಲೂ 25 ಸೆಕೆಂಡಿಗೊಮ್ಮೆ ಒಂದು ಖಾಲಿ ಪೊಟ್ಟಣ ಕಳಿಸುತ್ತದೆ, ಇಲ್ಲವಾದರೆ ವಠಾರದ ಬಾಗಿಲವನು ನಮ್ಮ ಹೆಸರನ್ನು ಪಟ್ಟಿಯಿಂದ ಅಳಿಸಿಬಿಡುತ್ತಾನೆ. ಬಾಡಿಗೆಯ ಯಂತ್ರ ಬಂದದ್ದನ್ನು ಬಂದ ಹಾಗೆ ದಾಟಿಸುತ್ತದೆ ಅಷ್ಟೆ. ಗೂಢಲಿಪಿ ಬಿಚ್ಚುವ ಕೀಲಿ, 2015ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುತ್ತಿರುವ ಪ್ರಮಾಣಪತ್ರ, ಎರಡೂ ಇರುವುದು ಮನೆಯ ಲ್ಯಾಪ್‌ಟಾಪಿನಲ್ಲಿ. ನಂಬಿ ಬರೆದ ಮಾತು ದಾರಿಯಲ್ಲಿ ಯಾರ ಕಣ್ಣಿಗೂ ಬೀಳದೆ ಅಕ್ಕನ ಮನೆಗೇ ಬರುತ್ತದೆ.

ಮತ್ತೆ ಗೇಟಿನಾಚೆ ನಿಂತು ನೋಡಿದೆ. ಪುಟ ತೆರೆಯಿತು, ‘ನಮಸ್ಕಾರ’ ಹೋಯಿತು. ಒಳಗಿನಿಂದ ಅಕ್ಕ ‘ಬರಲಿಲ್ಲ’ ಎಂದು ಕೂಗಿದಳು. ಪುಟವನ್ನು ಮರಳಿ ತೆರೆದಾಗ ಕಂಡಿತು. ಮತ್ತೊಂದು ಕಳಿಸಿದೆ, ಮತ್ತೆ ಹಾಗೆಯೇ. ಲ್ಯಾಪ್‌ಟಾಪಿನ ಮುಂಬಾಗಿಲಲ್ಲಿ ಆಮೇಲೆ ನಾನೇ ಕೂರಿಸಿದ್ದ ಎಂಜಿನ್‌ಎಕ್ಸ್ ಎಂಬ ಪ್ರಾಕ್ಸಿ, ಬ್ರೌಸರ್ ಕಳಿಸಿದ ‘ಅಪ್‌ಗ್ರೇಡ್’ ಸಾಲನ್ನು ಚಾಟ್‌ವೂಟಿಗೆ ದಾಟಿಸುತ್ತಿರಲಿಲ್ಲ. ಆ ಸಾಲು ಎದುರಿನ ಒಂದೇ ಯಂತ್ರಕ್ಕೆ ಹೇಳಿದ್ದು, ಅದರಾಚೆ ಹೋಗಬಾರದು ಎಂಬುದು ಎಚ್‌ಟಿಟಿಪಿಯ ಹಳೆಯ ಕಟ್ಟಳೆ. ಸೆಟ್ಟಿಂಗಿನಲ್ಲಿ ಮೂರು ಸಾಲು ಸೇರಿಸಿ, ‘ಇದನ್ನು ದಾಟಿಸು’ ಎಂದು ಬಿಡಿಸಿ ಹೇಳಿದೆ. 101 ಬಂತು. ಅಂದಿನಿಂದ ಮಾತು ಹರಿಯುತ್ತಿದೆ.

ಮನೆಯಲ್ಲಿ ಇಟ್ಟುಕೊಂಡದ್ದನ್ನು ಮನೆಯವರೇ ಕಾಯಬೇಕು. ರಾತ್ರಿ ಎರಡಕ್ಕೆ ಪೋಸ್ಟ್‌ಗ್ರೆಸ್‌ನ ಒಂದು ಪ್ರತಿ ಬೇರೆ ಡಿಸ್ಕಿಗೆ ಹೋಗುತ್ತದೆ, ಭಾನುವಾರ ಅಕ್ಕ ಆ ಡಿಸ್ಕನ್ನು ಬೀರುವಿಗೆ ಸೇರಿಸಿ ಇನ್ನೊಂದನ್ನು ಚುಚ್ಚುತ್ತಾಳೆ. ಕರೆಂಟು ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿ ಇದೆ, ರೌಟರಿಗೆ ಒಂದು ಸಣ್ಣ ಯುಪಿಎಸ್ ಇದೆ. ಗೆರೆ ಕಡಿದರೂ ಹೊರಗಿನವರು ನಮ್ಮನ್ನು ಹುಡುಕಬೇಕಿಲ್ಲ, ಒಳಗಿನಿಂದಲೇ ಕರೆ ಮತ್ತೆ ಹೋಗುತ್ತದೆ.

ಮೊನ್ನೆ ಒಬ್ಬರು ಬರೆದರು: ‘ಮಟ್ಟು ಗುಳ್ಳ ಹಾಕಿದ್ದೆ. ಹೂ ಬಿಡುತ್ತದೆ, ಉದುರುತ್ತದೆ. ಏನು ಮಾಡಲಿ?’ ಅಕ್ಕ ‘ಇರಿ, ನನ್ನ ಗಿಡ ನೋಡಿ ಬರುತ್ತೇನೆ’ ಎಂದು ಬರೆದು ತಾರಸಿಗೆ ಹೋದಳು. ಬರಲು ಐದು ನಿಮಿಷವಾಯಿತು. ಚಾಟ್‌ವೂಟ್ ಇಂಥ ಹೊತ್ತಿನಲ್ಲೂ 3 ಸೆಕೆಂಡಿಗೊಮ್ಮೆ ಆಚೆಯ ಕಿಟಕಿಗೆ ಒಂದು ಸಣ್ಣ ಮಿಡಿತ ಕಳಿಸುತ್ತಿರುತ್ತದೆ. ಐದು ನಿಮಿಷಕ್ಕೆ ನೂರು ಮಿಡಿತ. ಆಚೆಯವರು ಕಾದಿದ್ದರು. ಅಕ್ಕ ಕೆಳಗಿಳಿದು, ಕೈಯ ಮಣ್ಣು ಒರೆಸಿಕೊಂಡು, ಕೂತು ಬರೆಯತೊಡಗಿದಳು: ‘ಮೊದಲು ಹೇಳಿ, ನೀರು ಎಷ್ಟು ದಿನಕ್ಕೊಮ್ಮೆ ಕೊಡುತ್ತಿದ್ದೀರಿ?’