ಇಳಿಸಿದ ಕಲ್ಲು, ಹೊತ್ತ ಕಲ್ಲು

ಸ್ಪೇನ್ ದೇಶದ ವಾಯವ್ಯ ಭಾಗದಲ್ಲಿ, ಲಿಯೋನ್ ಪ್ರಾಂತ್ಯದ ಬೆಟ್ಟಸಾಲಿನ ಮೇಲೆ, ಒಂದು ದೊಡ್ಡ ಕಲ್ಲುಗುಡ್ಡೆ ಇದೆ. ಅದರ ನಡುವೆ ಎತ್ತರದ ಮರದ ಕಂಬ, ಕಂಬದ ತುದಿಯಲ್ಲಿ ಪುಟ್ಟದೊಂದು ಕಬ್ಬಿಣದ ಶಿಲುಬೆ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿರುವ ಈ ಜಾಗಕ್ಕೆ ‘ಕ್ರೂಸ್ ದೆ ಫೆರ್ರೊ’, ಅಂದರೆ ಕಬ್ಬಿಣದ ಶಿಲುಬೆ, ಎಂದೇ ಹೆಸರು. ನೋಡಲು ಅಲ್ಲಿ ಅಂಥ ವೈಭವವೇನೂ ಇಲ್ಲ. ಆದರೂ ಜನ ನೂರಾರು ಕಿಲೋಮೀಟರ್ ನಡೆದು ಇಲ್ಲಿಗೆ ಬರುತ್ತಾರೆ. ತಮ್ಮ ಊರಿನಿಂದ ಹೊತ್ತು ತಂದ ಕಲ್ಲೊಂದನ್ನು ಚೀಲದಿಂದ ತೆಗೆದು ಗುಡ್ಡೆಯ ಮೇಲಿಟ್ಟು ಮುಂದೆ ಸಾಗುತ್ತಾರೆ. ಆ ಕಲ್ಲು ಕೆಲವರಿಗೆ ಅಗಲಿದವರ ನೆನಪು. ಹಲವರಿಗೆ ಅದು ತಾವು ಮಾಡಿದ ಪಾಪದ ಗುರುತು.

ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ಯಾಕೋಬನ ಸಮಾಧಿ ಸಾಂತಿಯಾಗೊ ದೆ ಕಂಪೊಸ್ತೇಲಾ ನಗರದಲ್ಲಿದೆ ಎಂಬುದು 9ನೇ ಶತಮಾನದಿಂದ ಬಂದ ನಂಬಿಕೆ. ಅಲ್ಲಿಗೆ ಹೋಗುವ ಕಾಲುದಾರಿಗೆ ‘ಕಮೀನೊ’ ಎನ್ನುತ್ತಾರೆ. ಇಂಥ ದಾರಿಗಳು ಹಲವು. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಫ್ರಾನ್ಸ್ ಗಡಿಯಿಂದ ಹೊರಡುವ, ಸುಮಾರು 780 ಕಿ.ಮೀ. ಉದ್ದದ ದಾರಿ. ಯುನೆಸ್ಕೊ 1993ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊನೆಯ 100 ಕಿ.ಮೀ.ಯನ್ನಾದರೂ ನಡೆದವರಿಗೆ ಪ್ರಮಾಣಪತ್ರ ಸಿಗುತ್ತದೆ. 2024ರಲ್ಲಿ ಸುಮಾರು 5 ಲಕ್ಷ ಮಂದಿ ಅದನ್ನು ಪಡೆದರು.

ಈ ದಾರಿ ಹಿಡಿಯುವವರು ಮೊದಲು ಕಲಿಯುವ ಪಾಠ ಭಾರದ್ದು. ಬೆನ್ನಿನ ಚೀಲ ದೇಹತೂಕದ ಹತ್ತನೇ ಒಂದು ಭಾಗವನ್ನು ಮೀರಬಾರದು ಎಂದು ಅನುಭವಿಗಳು ಹೇಳುತ್ತಾರೆ. 60 ಕಿಲೋ ತೂಗುವವರಿಗೆ 6 ಕಿಲೋ ಮಾತ್ರ! ಮನೆಯಲ್ಲಿ ಅಗತ್ಯವೆನಿಸಿದ್ದು ಮೂರನೇ ದಿನಕ್ಕೆ ಹೊರೆಯಾಗುತ್ತದೆ. ಹೀಗೆ ಸಾಬೂನಿನ ತೂಕವನ್ನೂ ಲೆಕ್ಕ ಹಾಕುವ ಯಾತ್ರಿಕರು ಬೇಕೆಂದೇ ಒಂದು ಕಲ್ಲನ್ನು ಹೊರುತ್ತಾರೆಂದರೆ ಅದಕ್ಕೆ ಅರ್ಥವಿರಲೇಬೇಕು. ಮನಸ್ಸಿನ ಭಾರ ಕಣ್ಣಿಗೆ ಕಾಣದು. ಕಲ್ಲು ಕಾಣುತ್ತದೆ, ಬೆನ್ನಿಗೆ ಒತ್ತುತ್ತದೆ.

<b>ಕಲ್ಲು ಇಟ್ಟರೆ ಪಾಪ ಹೋಯಿತೇ?</b>

ಚುರುಕಾದ ಯಾವ ವಿದ್ಯಾರ್ಥಿಯಾದರೂ ಕೇಳಬಹುದಾದ ಪ್ರಶ್ನೆ ಇದು. ಕಲ್ಲಿಗೆ ಪಾಪ ತೊಳೆಯುವ ಶಕ್ತಿ ಇದೆಯೆಂದು ಚರ್ಚ್ ಬೋಧಿಸುವುದಿಲ್ಲ. ಅದು ಬರೀ ಸಂಕೇತ. ಕ್ಷಮೆ ನೀಡುವವನು ದೇವರು. ಆದರೆ ಪಾಪ ಮಾಡಿದವನು ಮಾಡಬೇಕಾದ ಕೆಲಸ ಮೂರು ಎಂದು ಕ್ಯಾಥೊಲಿಕ್ ಸಂಪ್ರದಾಯ ಹೇಳುತ್ತದೆ: ಮನಸಾರೆ ಪಶ್ಚಾತ್ತಾಪ ಪಡುವುದು, ತಪ್ಪನ್ನು ಬಾಯಿಬಿಟ್ಟು ನಿವೇದಿಸುವುದು ಮತ್ತು ಆದ ಹಾನಿಯನ್ನು ತುಂಬಿಕೊಡುವುದು. ಹೀಬ್ರೂ ಭಾಷೆಯಲ್ಲಿ ಪಶ್ಚಾತ್ತಾಪವನ್ನು ಸೂಚಿಸುವ ಪದದ ಮೂಲಾರ್ಥ ‘ತಿರುಗಿ ಬರುವುದು’. ಅಂದರೆ ಅದೂ ಒಂದು ನಡಿಗೆಯೇ ತಾನೆ?

ಲೂಕನ ಸುವಾರ್ತೆಯಲ್ಲಿ ಬರುವ ಸುಂಕದ ಅಧಿಕಾರಿ ಜಕ್ಕಾಯನನ್ನು ನೆನೆಯಬಹುದು. ಯೇಸು ತನ್ನ ಮನೆಗೆ ಬಂದಾಗ ಆತ ಕಣ್ಣೀರಿಟ್ಟು ಸುಮ್ಮನಾಗಲಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟಾಗಿ ಹಿಂತಿರುಗಿಸುವುದಾಗಿಯೂ ಹೇಳಿದ.

ಕಮೀನೊ ದಾರಿಯ ರಚನೆಯೂ ಇದನ್ನೇ ಹೇಳುವಂತಿದೆ. ಕಲ್ಲು ಇಳಿಸಿದ ಜಾಗದಲ್ಲಿ ಯಾತ್ರೆ ಮುಗಿಯುವುದಿಲ್ಲ. ಇನ್ನೂ ಸುಮಾರು 230 ಕಿ.ಮೀ. ಬಾಕಿ ಇರುತ್ತದೆ. ಅದೂ ತಕ್ಷಣವೇ ಕಡಿದಾದ ಇಳಿಜಾರು. ಮೊಲಿನಸೇಕಾ ಎಂಬ ಊರನ್ನು ಮುಟ್ಟುವುದರೊಳಗೆ ಸುಮಾರು 900 ಮೀಟರ್ ಇಳಿಯಬೇಕು. ಇಳಿಯುವುದು ಸುಲಭವೆಂದು ತಿಳಿದರೆ ತಪ್ಪು. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ದೇಹವನ್ನು ತಡೆದು ಹಿಡಿಯಬೇಕಾಗುತ್ತದೆ. ಮರುದಿನ ನೋವು ಬರುವುದು ಹೆಚ್ಚಾಗಿ ಈ ಕೆಲಸದಿಂದಲೇ. ಭಾರ ಇಳಿಸಿದ ಮೇಲೂ ಎಚ್ಚರ ಬೇಕು ಎಂಬುದನ್ನು ಮಂಡಿಗಳೇ ಕಲಿಸುತ್ತವೆ.

ಇನ್ನೂ ಮುಂದೆ ತ್ರಿಯಾಕಸ್ತೇಲಾ ಎಂಬ ಊರು ಸಿಗುತ್ತದೆ. 12ನೇ ಶತಮಾನದ ‘ಕೋಡೆಕ್ಸ್ ಕಲಿಕ್ಸ್ತಿನಸ್’ ಗ್ರಂಥದಲ್ಲಿ ಈ ಊರಿನ ಬಗ್ಗೆ ಸ್ವಾರಸ್ಯಕರ ವಿವರವಿದೆ. ಯಾತ್ರಿಕರು ಇಲ್ಲಿ ಸುಣ್ಣದ ಕಲ್ಲೊಂದನ್ನು ಎತ್ತಿಕೊಂಡು ಕಸ್ತನ್ಯೇದಾ ಎಂಬಲ್ಲಿಗೆ ಒಯ್ಯುತ್ತಿದ್ದರು. ಅಲ್ಲಿ ಅದನ್ನು ಸುಟ್ಟು, ಸಾಂತಿಯಾಗೊದ ದೇವಾಲಯದ ಕಟ್ಟಡಕ್ಕೆ ಸುಣ್ಣ ಮಾಡುತ್ತಿದ್ದರು. ಒಂದೇ ದಾರಿಯಲ್ಲಿ ಇಳಿಸುವ ಕಲ್ಲು ಒಂದು, ಹೊರುವ ಕಲ್ಲು ಇನ್ನೊಂದು. ಮೊದಲನೆಯದು ತನ್ನ ಭಾರ ಕಳೆಯಲು, ಎರಡನೆಯದು ಎಲ್ಲರಿಗಾಗಿ ಕಟ್ಟಲು.

<b>ಸೆರೆಮನೆಯ ಬದಲು ಕಾಲ್ನಡಿಗೆ</b>

ಮಧ್ಯಯುಗದಲ್ಲಿ ಫ್ಲಾಂಡರ್ಸ್ ಪ್ರದೇಶದ ನ್ಯಾಯಾಲಯಗಳು ಕೆಲವು ಅಪರಾಧಿಗಳಿಗೆ ಯಾತ್ರೆಯನ್ನೇ ಶಿಕ್ಷೆಯಾಗಿ ವಿಧಿಸುತ್ತಿದ್ದವು. ಹೋಗಿ ಬಂದುದಕ್ಕೆ ಪುರಾವೆಯನ್ನೂ ತರಬೇಕಿತ್ತು. ಅದೇ ಬೆಲ್ಜಿಯಂನಲ್ಲಿ 1982ರಲ್ಲಿ ‘ಓಯ್ಕೊತೆನ್’ ಎಂಬ ಸಂಸ್ಥೆ ಈ ಹಳೆಯ ಪದ್ಧತಿಗೆ ಹೊಸ ರೂಪ ಕೊಟ್ಟಿತು. ಅಪರಾಧದಲ್ಲಿ ಸಿಕ್ಕಿಬಿದ್ದ ಹದಿಹರೆಯದವರನ್ನು ಕೂಡಿಹಾಕುವ ಬದಲು, ಹಿರಿಯರೊಬ್ಬರ ಜೊತೆಯಲ್ಲಿ ಸಾಂತಿಯಾಗೊವರೆಗೆ ನಡೆಸಲಾಯಿತು. ಫ್ರಾನ್ಸಿನಲ್ಲಿ ನಿವೃತ್ತ ಪತ್ರಕರ್ತ ಬರ್ನಾರ್ ಒಲಿವಿಯೇ 2000ದಲ್ಲಿ ಇಂಥದೇ ಸಂಸ್ಥೆ ಸ್ಥಾಪಿಸಿದರು. ಅದರ ಫ್ರೆಂಚ್ ಹೆಸರಿನ ಅರ್ಥ ‘ಹೊಸ್ತಿಲು’. ಪರದೇಶದಲ್ಲಿ ಸುಮಾರು ಮೂರು ತಿಂಗಳು, 1,600 ಕಿ.ಮೀ.ಗೂ ಹೆಚ್ಚು ನಡಿಗೆ. ಮೊಬೈಲ್ ಇಲ್ಲ, ಸಂಗೀತವಿಲ್ಲ. ಅಲ್ಲಿ ಆ ಹುಡುಗನ ಹಳೆಯ ಕಥೆ ಯಾರಿಗೂ ತಿಳಿಯದು. ದಾರಿಯಲ್ಲಿ ಸಿಕ್ಕವರ ಪಾಲಿಗೆ ಆತ ಅಪರಾಧಿಯಲ್ಲ, ಒಬ್ಬ ಯಾತ್ರಿಕ.

ಈ ಕೊನೆಯ ಮಾತನ್ನು ತಂದೆತಾಯಿಯರು ಗಮನಿಸಬೇಕು. ಮಗ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದಿರಬಹುದು, ಮಗಳು ಮನೆಯ ಹಣ ತೆಗೆದು ಸುಳ್ಳು ಹೇಳಿರಬಹುದು. ತಪ್ಪನ್ನು ಮುಚ್ಚಿಹಾಕುವುದು ಸರಿಯಲ್ಲ. ಒಪ್ಪಿಕೊಳ್ಳಲಿ, ತೆಗೆದ ಹಣವನ್ನು ಹಿಂತಿರುಗಿಸಲಿ. ಆದರೆ ಅಷ್ಟಾದ ಮೇಲೂ ನೆಂಟರೆದುರು ಪದೇ ಪದೇ ಅದನ್ನೇ ಎತ್ತಿ ಆಡುವುದೆಂದರೆ, ಮಗು ಇಳಿಸಿ ಬಂದ ಕಲ್ಲನ್ನು ಮತ್ತೆ ಅದರ ಚೀಲಕ್ಕೆ ತುರುಕಿದಂತೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ‘ಕ್ಷಮಿಸಿ’ ಎಂದೊಡನೆ ಎಲ್ಲ ಮುಗಿಯಿತೆಂದುಕೊಳ್ಳಬೇಡಿ. ಗೆಳೆಯನ ಮೇಲೆ ಸುಳ್ಳು ಹೊರಿಸಿದ್ದರೆ, ಅದನ್ನು ಕೇಳಿದವರೆದುರೇ ಸತ್ಯ ಹೇಳಬೇಕು. ತ್ರಿಯಾಕಸ್ತೇಲಾದಲ್ಲಿ ಹೊರಬೇಕಾದ ಕಲ್ಲು ಅದು.

ಕಬ್ಬಿಣದ ಶಿಲುಬೆಯ ಬುಡದಲ್ಲಿ ಸಾವಿರಾರು ಕಲ್ಲುಗಳು ಬೆರೆತು ಬಿದ್ದಿವೆ. ಬಿಸಿಲು ಮಳೆ ಹಿಮಗಳಿಗೆ ಅವುಗಳ ಮೇಲೆ ಬರೆದ ಹೆಸರುಗಳು ಮಾಸುತ್ತವೆ. ಯಾವ ಕಲ್ಲು ಯಾರದೆಂದು ಕೆಲವು ವರ್ಷಗಳ ನಂತರ ಇಟ್ಟವರೇ ಬಂದು ಹುಡುಕಿದರೂ ಸಿಗುವುದು ಕಷ್ಟ.