ಸೇಬಿನ ಸವಿ

ಬೆಳಗಾವಿಯ ಟಿಳಕವಾಡಿಯಲ್ಲಿ ಹಣ್ಣಿನ ಅಂಗಡಿಯ ಮುಂದೆ ನಿಂತವರ ದೃಷ್ಟಿ ಮೊದಲು ಹರಿಯುವುದು ಕಡುಗೆಂಪು ಸೇಬಿನ ರಾಶಿಯ ಕಡೆಗೆ. ಹಳದಿ ಮೈಯ ಮೇಲೆ ಕೆಂಪು ಗೀರುಗಳನ್ನು ಎಳೆದಂತೆ ಕಾಣುವ ಫ್ಯೂಜಿ ಸೇಬು ಪಕ್ಕದಲ್ಲಿದ್ದರೂ ನೋಟಕ್ಕೆ ಅದು ಸಾಧಾರಣವೇ. ಆದರೆ ಎರಡನ್ನೂ ತಿಂದು ನೋಡಿದಾಗ ಕಣ್ಣು ಕೊಟ್ಟ ತೀರ್ಪನ್ನು ನಾಲಗೆ ಅನೇಕ ವೇಳೆ ತಿರಸ್ಕರಿಸುತ್ತದೆ. ಇದಕ್ಕೆ ಕಾರಣವೇನು?

ಸೇಬಿನ ಸವಿ ಎಂಬುದು ಒಂದೇ ಗುಣವಲ್ಲ. ನೂರು ಗ್ರಾಂ ಸೇಬಿನಲ್ಲಿ ಸುಮಾರು ೮೫ ಗ್ರಾಂ ನೀರು, ೧೦ರಿಂದ ೧೨ ಗ್ರಾಂ ಸಕ್ಕರೆ ಇರುತ್ತವೆ. ಆ ಸಕ್ಕರೆಯಲ್ಲಿ ಹೆಚ್ಚಿನ ಪಾಲು ಫ್ರಕ್ಟೋಸ್. ಅದು ನಾವು ಚಹಕ್ಕೆ ಹಾಕುವ ಸಕ್ಕರೆಗಿಂತಲೂ ಸಿಹಿಯಾದುದು. ಇದರೊಡನೆ ಮ್ಯಾಲಿಕ್ ಆಮ್ಲವೆಂಬ ಹುಳಿಯೂ ಸೇರಿದೆ. ಎರಡು ಹಣ್ಣುಗಳಲ್ಲಿ ಸಕ್ಕರೆ ಸಮನಾಗಿದ್ದರೂ ಹುಳಿ ಕಡಿಮೆಯಿರುವ ಹಣ್ಣೇ ಹೆಚ್ಚು ಸಿಹಿಯೆನಿಸುತ್ತದೆ. ಫ್ಯೂಜಿಯಲ್ಲಿ ಸಕ್ಕರೆ ಹೆಚ್ಚು, ಹುಳಿ ಕಡಿಮೆ. ಪರಿಮಳವೂ ಸವಿಯ ಅಂಗವೇ. ನೆಗಡಿಯಾದಾಗ ಹಣ್ಣು ಸಪ್ಪೆಯೆನಿಸುವುದು ಮೂಗು ತನ್ನ ಕೆಲಸವನ್ನು ಮಾಡದಿರುವುದರಿಂದ.

ಇನ್ನು ಗರಿಗರಿತನ. ಹಣ್ಣಿನ ತಿರುಳು ರಸ ತುಂಬಿದ ಅಸಂಖ್ಯ ಜೀವಕೋಶಗಳಿಂದಾಗಿದೆ. ತಾಜಾ ಸೇಬನ್ನು ಕಚ್ಚಿದಾಗ ಈ ಕೋಶಗಳು ಒಡೆದು ರಸ ಚಿಮ್ಮುತ್ತದೆ. ಬಹುಕಾಲ ಕೂಡಿಟ್ಟ ಹಣ್ಣಿನಲ್ಲಿ ಕೋಶಗಳನ್ನು ಬೆಸೆದ ಅಂಟು ಸಡಿಲವಾಗುತ್ತದೆ. ಆಗ ಕೋಶಗಳು ಒಡೆಯದೆ ಬಿಡಿಬಿಡಿಯಾಗುತ್ತವೆ. ರಸ ಒಳಗೇ ಉಳಿದು, ಬಾಯಲ್ಲಿ ಹಿಟ್ಟು ಮೆದ್ದಂತಾಗುತ್ತದೆ. ದೂರದ ಹಿಮಾಚಲ, ಕಾಶ್ಮೀರಗಳಿಂದ ಹಣ್ಣು ಬರುವ ನಮ್ಮಂತಹ ಊರುಗಳಿಗೆ ಇದು ಮುಖ್ಯವಾದ ವಿಷಯ.

ಕಡುಗೆಂಪು ಸೇಬಿಗೂ ಒಂದು ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಅಯೋವಾ ಪ್ರಾಂತದ ರೈತ ಜೆಸ್ಸಿ ಹಯಟ್ ಎಂಬವನ ತೋಟದಲ್ಲಿ ತಾನಾಗಿ ಹುಟ್ಟಿದ ಗಿಡವೊಂದು ಸವಿಯಾದ ಹಣ್ಣನ್ನು ಬಿಟ್ಟಿತು. ಆ ತಳಿಗೆ ‘ಡೆಲಿಷಿಯಸ್’, ಅಂದರೆ ‘ಸ್ವಾದಿಷ್ಟ’ ಎಂಬ ಹೆಸರಾಯಿತು. ಅದರ ಮೂಲ ಹಣ್ಣು ಗೀರುಗೆಂಪಿನದು. ಕೆಲವು ಕೊಂಬೆಗಳಲ್ಲಿ ಇನ್ನಷ್ಟು ಕೆಂಪಾದ ಹಣ್ಣುಗಳು ಕಂಡಾಗ ಬೆಳೆಗಾರರು ಅವನ್ನೇ ಆರಿಸಿ ಕಸಿ ಮಾಡಿದರು. ಕೊಳ್ಳುವವರು ಬಣ್ಣಕ್ಕೆ ಮರುಳಾದರು. ತಲೆಮಾರಿನಿಂದ ತಲೆಮಾರಿಗೆ ಬಣ್ಣ ಏರಿತು, ಸಿಪ್ಪೆ ದಪ್ಪವಾಯಿತು, ಸವಿ ಇಳಿಯಿತು.

ಅದೇ ಡೆಲಿಷಿಯಸ್ ತಳಿ ಜಪಾನಿನಲ್ಲಿ ಬೇರೊಂದು ದಾರಿ ಹಿಡಿಯಿತು. ಅಲ್ಲಿನ ಫ್ಯೂಜಿಸಾಕಿ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ೧೯೩೦ರ ದಶಕದ ಕೊನೆಯಲ್ಲಿ ಅದನ್ನು, ಬಹುಕಾಲ ಕೆಡದೆ ಉಳಿಯುವ ರಾಲ್ಸ್ ಜಾನೆಟ್ ಎಂಬ ತಳಿಯೊಡನೆ ಸಂಕರಗೊಳಿಸಿದರು. ಹುಟ್ಟಿದ ಸಸಿಗಳನ್ನು ಬೆಳೆಸಿ, ಹಣ್ಣುಗಳನ್ನು ಪರೀಕ್ಷಿಸಿ, ಉತ್ತಮವಾದುದನ್ನು ಆರಿಸಿದರು. ಆ ತಳಿಗೆ ಫ್ಯೂಜಿ ಎಂದು ನಾಮಕರಣವಾದದ್ದು ೧೯೬೨ರಲ್ಲಿ. ಒಂದು ಹಣ್ಣನ್ನು ಜಗತ್ತಿಗೆ ಕೊಡಲು ಎರಡು ದಶಕಗಳ ತಾಳ್ಮೆ ಬೇಕಾಯಿತು!

ಹೀಗೆ ದೊರೆತ ಗುಣವನ್ನು ಉಳಿಸಿಕೊಳ್ಳುವ ಮಾರ್ಗ ಕಸಿಯೊಂದೇ. ಆಪೂಸು ಮಾವಿನ ಗೊರಟೆಯನ್ನು ನೆಟ್ಟರೆ ಅದೇ ಆಪೂಸು ದೊರೆಯುವುದಿಲ್ಲವೆಂಬುದನ್ನು ಬೆಳಗಾವಿ, ಧಾರವಾಡಗಳ ರೈತರು ಬಲ್ಲರು. ಸೇಬಿನ ಬೀಜವೂ ಹಾಗೆಯೇ. ಆದ್ದರಿಂದ ಯಾವ ಕೊಂಬೆಯನ್ನು ಕಸಿಗೆ ಆರಿಸುತ್ತಾರೆಂಬುದರ ಮೇಲೆ ಮುಂದಿನವರು ತಿನ್ನುವ ಹಣ್ಣಿನ ಸವಿ ನಿಂತಿದೆ.

ಬಣ್ಣವನ್ನು ಬಯಸಿದವರಿಗೆ ಡೆಲಿಷಿಯಸ್ ಬಣ್ಣವನ್ನಿತ್ತಿತು. ಸವಿಯನ್ನು ಅರಸಿದವರಿಗೆ ಫ್ಯೂಜಿಯನ್ನಿತ್ತಿತು. ಬೆಳೆಗಾರನ ಆಯ್ಕೆಯನ್ನು ಕೊನೆಗೆ ನಿರ್ಧರಿಸುವವನು ಕೊಳ್ಳುವವನೇ. ಮುಂದಿನ ಬಾರಿ ನೀವು ಸೇಬನ್ನು ಆರಿಸುವಾಗ ಬಣ್ಣವೊಂದನ್ನೇ ನೋಡದೆ, ಕೈಯಲ್ಲಿ ಹಿಡಿದು ಅದರ ತೂಕವನ್ನೂ ಗಟ್ಟಿತನವನ್ನೂ ಪರೀಕ್ಷಿಸಿರಿ, ಪರಿಮಳವನ್ನು ಆಘ್ರಾಣಿಸಿರಿ.